ಬಸ್ಸಿನ ನಂಬರಿನಿಂದ ಬಂದ ವರ್ಷ

ನಿಶ್ಮಿತಾ ನೀರು ತುಂಬಿಸಿಡುವುದನ್ನು ನಿಲ್ಲಿಸಲೇ ಇಲ್ಲ. ವಿಮ್ಟೋ ಬಾಟಲಿ, ಟ್ಯಾಂಗ್ ಡಬ್ಬ, ಊರಿನಿಂದ ಅತ್ತೆ ಕಳಿಸಿದ್ದ ತೆಂಗಿನೆಣ್ಣೆಯ ಕ್ಯಾನು, ಎಲ್ಲವನ್ನೂ ತೊಳೆದು, ನೀರು ತುಂಬಿಸಿ, ಮಂಚದ ಅಡಿಯಲ್ಲಿ ಸಾಲಾಗಿ ಇಡುತ್ತಿದ್ದಳು. ಬೈದರೆ ಅಳುತ್ತಿರಲಿಲ್ಲ. ಸುಮ್ಮನೆ ನನ್ನ ಮುಖ ನೋಡುತ್ತಿದ್ದಳು. ಒಂಬತ್ತು ವರ್ಷದ ಮಗು ಹಾಗೆ ನೋಡಿದರೆ ತಾಯಿಗೆ ಏನಾಗಬೇಕು? ಮಗು ಏನನ್ನೋ ತಲೆಗೆ ಹಚ್ಚಿಕೊಂಡಿದೆ, ಇದು ಹೀಗೇ ಉಳಿದುಬಿಟ್ಟರೆ, ದೊಡ್ಡವಳಾದ ಮೇಲೂ ಬಿಡದಿದ್ದರೆ ಎಂದು ಅನ್ನ ಬಸಿಯುವಾಗಲೂ ಅದೇ ಯೋಚನೆ, ಬಟ್ಟೆ ಮಡಚುವಾಗಲೂ ಅದೇ.

“ನೀರು ತಾನೇ, ಬಿಡು ಮಾರಾಯ್ತಿ. ಟ್ಯಾಂಕರ್ ತಡ ಆದ್ರೆ ಉಪಯೋಗಕ್ಕೇ ಬರ್ತದೆ,” ಎಂದರು ಇವರು, ಟೈ ಕಟ್ಟಿಕೊಳ್ಳುತ್ತ. ನನ್ನ ಗಂಡ ಬೋಜರಿಗೆ ಲೋಕದಲ್ಲಿ ಯಾವುದೂ ಅವಸರದ್ದಲ್ಲ. ಮಸ್ಕತ್ತಿನ ಖುರುಮ್ ಬಡಾವಣೆಯ ಆಫೀಸಿಗೆ ತಡವಾಗುವುದೊಂದು ಬಿಟ್ಟು.

ಅದು 1991ರ ಜನವರಿ. ಬಾಗ್ದಾದಿನ ಮೇಲೆ ಬಾಂಬು ಬೀಳುತ್ತಿದ್ದ ಸಮಯ. ಮಸ್ಕತ್ತಿಗೆ ಏನೂ ಆಗುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು, ಹೇಳುತ್ತಲೇ ಅಕ್ಕಿ ಮೂಟೆ ಹೊರುತ್ತಿದ್ದರು. ದಾರ್ಸೈಟಿನ ನಮ್ಮ ಕಟ್ಟಡದಲ್ಲಿ ಎರಡು ಮನೆಯವರು ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿಯಾಗಿತ್ತು. ನಾನೂ ಹೋಗುತ್ತೇನೆ ಎಂದರೆ ಇವರು ಪೇಪರು ಮುಖಕ್ಕೆ ಹಿಡಿದುಕೊಳ್ಳುತ್ತಿದ್ದರು. ಅಂಥ ದಿನಗಳಲ್ಲಿ ಒಂದು ಬೆಳಿಗ್ಗೆ, ಬಸ್ಸಿಗೆ ಕಾಯುತ್ತ, ನಿಶ್ಮಿತಾ ಕೇಳಿದಳು: “ಮಮ್ಮಿ, ಆರ್ ವೀ ಇನ್‌ಸೈಡ್ ದ ವಾಲ್ ಆರ್ ಔಟ್‌ಸೈಡ್?”

“ಯಾವ ಗೋಡೆ?”

“ದ ಮಂಗೋಲ್ಸ್ ಆರ್ ಔಟ್‌ಸೈಡ್. ಹಿಲ್ಡಾ ಟೀಚರ್ ಟೋಲ್ಡ್.”

ನನಗೆ ಮೈಯೆಲ್ಲ ಉರಿದುಹೋಯಿತು. ಬಸ್ಸು ಹೋದ ಮೇಲೆ ನಾನೂ ಟ್ಯಾಕ್ಸಿ ಹಿಡಿದು ಶಾಲೆಗೆ ಹೋದೆ. ಆ ಹೆಂಗಸಿಗೆ ಎರಡು ಮಾತು ಕೇಳಿಯೇ ಬರಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ.

ಹಿಲ್ಡಾ ಮೊಂತೇರೊ ಟೀಚರನ್ನು ನಮ್ಮ ಕಡೆಯವರೆಲ್ಲ ಬಲ್ಲರು. ಶಿರ್ವದವರು, ಗಟ್ಟಿ ಕಾಲಿನ ಕುಳ್ಳಗಿನ ಹೆಂಗಸು. ಎಪ್ಪತ್ತರ ದಶಕದ ನಡುವಿನಲ್ಲಿ ಮದುವೆಯಾಗಿ ನೇರ ಒಮಾನಿನ ಸೂರ್ ಎಂಬ ಕಡಲೂರಿಗೆ ಬಂದವರು. ಗಂಡ ಅಲೋಶಿಯಸ್ ಅಲ್ಲಿ ಮೀನುಬಲೆ, ಹಗ್ಗ ಮಾರುವ ಒಂದು ಅಂಗಡಿಯಲ್ಲಿ ಗುಮಾಸ್ತ. ಆಗ ಸೂರಿನಿಂದ ಮಸ್ಕತ್ತಿಗೆ ಬರುವುದೆಂದರೆ ಜೀಪಿನಲ್ಲಿ ಕುಳಿತು ಎಲುಬು ಲೆಕ್ಕ ಹಾಕುತ್ತ ಬರಬೇಕಿತ್ತಂತೆ. ಮಾತಾಡಲು ಕೊಂಕಣಿಯೂ ಇಲ್ಲ, ಕನ್ನಡವೂ ಇಲ್ಲ. ಪಕ್ಕದ ಮನೆಯ ಹೆಂಗಸರ ಜೊತೆ ಮೀನು ಹೆಚ್ಚುತ್ತ ಅರಬಿ ಕಲಿತರು. ಅವರ ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿ ಇಂಗ್ಲಿಷು ಕಲಿಸಿದರು. ಕಲಿಸುವ ಹುಚ್ಚು ಅಲ್ಲಿಂದಲೇ ಹತ್ತಿದ್ದು. ಕೆಲವು ವರ್ಷಗಳಲ್ಲಿ ಅಲೋಶಿಯಸ್ ಅಂಗಡಿಯ ಕೌಂಟರಿನಲ್ಲೇ ಎದೆ ಹಿಡಿದುಕೊಂಡು ಕುಸಿದರು. ಸೂರಿನಲ್ಲಿ ಕ್ರೈಸ್ತರ ಸ್ಮಶಾನವಿಲ್ಲದೆ ಹೂಳಲು ಮಸ್ಕತ್ತಿಗೇ ತರಬೇಕಾಯಿತು. ಗಂಡನ ವೀಸಾದ ಮೇಲಿದ್ದ ಹೆಂಗಸು. ಗಂಡ ಹೋದರೆ ವೀಸಾವೂ ಹೋಯಿತು. ಊರಿನಿಂದ ಅಣ್ಣಂದಿರು ಬಾ ಎಂದರು. ಈಕೆ ಹೋಗಲಿಲ್ಲ. ಶಾಲೆ ಶಾಲೆ ಅಲೆದು, ಕೆಲಸ ಹಿಡಿದು, ಶಾಲೆಯ ಹೆಸರಿನಲ್ಲಿ ವೀಸಾ ಮಾಡಿಸಿಕೊಂಡರು. ಶುಕ್ರವಾರದ ವಾರದ ರಜೆಗೆ ರೂವಿಯ ಇಗರ್ಜಿಯಲ್ಲಿ ಪೂಜೆ ಮುಗಿಸಿ, ಕೊಡೆ ಹಿಡಿದು, ಗುಡ್ಡದ ಬುಡದಲ್ಲಿರುವ ಗೋರಿಗೆ ಹೋಗುತ್ತಿದ್ದರು. ಕೆಲಸ ಇದ್ದರೆ ವೀಸಾ, ವೀಸಾ ಇದ್ದರೆ ಆ ಗೋರಿ. ವೀಸಾ ರದ್ದಾಗಿ ವಿಮಾನ ಹತ್ತಿದರೆ ಮತ್ತೆ ಒಂದು ದಿನದ ಮಟ್ಟಿಗೂ ಇಲ್ಲಿ ಕಾಲಿಡಲು ಒಬ್ಬ ಕಫೀಲ್, ಎಂದರೆ ಜಾಮೀನು ನಿಲ್ಲುವ ಇಲ್ಲಿಯ ಪ್ರಜೆ, ಬೇಕು. ಗಂಡನ ಗೋರಿ ನೋಡಲು ಬರುವ ವಿಧವೆಗೆ ಯಾವ ಕಫೀಲ್ ಸಹಿ ಹಾಕುತ್ತಾನೆ?

ಇದೆಲ್ಲ ಗೊತ್ತಿದ್ದೂ ನಾನು ಆ ದಿನ ಜಗಳಕ್ಕೇ ಹೋದದ್ದು. ನನ್ನ ಮಗು ನನಗೆ ದೊಡ್ಡದು.

ತರಗತಿ ಖಾಲಿ ಇತ್ತು, ಮಕ್ಕಳು ಆಟಕ್ಕೆ ಹೋಗಿದ್ದರು. ಈ ಗೋಡೆಯಿಂದ ಆ ಗೋಡೆಗೆ ನೈಲಾನ್ ಹಗ್ಗ ಕಟ್ಟಿ, ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿ, ಬಣ್ಣದ ಚೀಟಿಗಳನ್ನು ನೇತುಹಾಕಿದ್ದರು. ಎಡತುದಿಗೆ ಲಂಡನ್, ಬಲತುದಿಗೆ ಜಪಾನ್. ಎಲ್ಲ ಚೀಟಿಯ ಮೇಲೂ ಒಂದೇ ಇಸವಿ, 1258.

“ಟೀಚರೇ, ನನ್ನ ಮಗಳ ತಲೆ ಕೆಡಿಸಿದ್ದೀರಲ್ಲ!” ಎಂದೆ, ನಮಸ್ಕಾರವೂ ಇಲ್ಲದೆ.

“ಕೂತ್ಕೊಳ್ಳಿ ಉಮಾವತಿ. ಯಾವ ತಲೆ? ಅದು ಭಾರೀ ಒಳ್ಳೆ ತಲೆ.”

“ಅವಳು ನೀರು ತುಂಬಿಸಿ ಇಡ್ತಾಳೆ. ಮಂಗೋಲರು ಬರ್ತಾರಂತೆ. ಹೊರಗೆ ಯುದ್ಧ ನಡೀತಾ ಉಂಟು, ಈಗ ನಿಮ್ಗೆ ಇದೇ ವರ್ಷ ಬೇಕಿತ್ತಾ?”

“ವರ್ಷ ನಾನು ತೆಗೊಂಡದ್ದಲ್ಲ. ಮಕ್ಕಳು ಏಪ್ರಿಲಲ್ಲೇ ತೆಗೊಂಡಾಗಿತ್ತು. ನಿಮ್ಮ ಮಗಳ ಬಸ್ಸಿನ ನಂಬರ್ ಎಷ್ಟು?”

ನನಗೆ ನೆನಪಾಯಿತು. ದಿನಾ ನೋಡುವ ಹಳದಿ ಬಸ್ಸು. ನಂಬರು ಪ್ಲೇಟಿನ ಮೇಲೆ 1258.

ಅದು ಹಿಲ್ಡಾ ಟೀಚರ ಕ್ರಮ. ಶಾಲೆ ಶುರುವಾದ ವಾರ ಮಕ್ಕಳು ಎಲ್ಲಿಂದಾದರೂ ನಾಲ್ಕಂಕಿ ಹುಡುಕಿ ತರಬೇಕು, ಅದೇ ಆ ತರಗತಿಯ ವರ್ಷ. ಹಿಂದಿನ ಸಲ ಯಾರದೋ ಮನೆಯ ಫೋನಿನ ಕೊನೆಯ ನಾಲ್ಕಂಕಿ. ಆಮೇಲೆ ವರ್ಷಪೂರ್ತಿ ಒಬ್ಬೊಬ್ಬರೂ ಒಂದೊಂದು ದೇಶ ಹಿಡಿದು, ಆ ವರ್ಷ ಅಲ್ಲಿ ಏನಾಯಿತು ಎಂದು ಹುಡುಕಬೇಕು. ಪಾಠಪುಸ್ತಕದಲ್ಲಿ ರಾಜರು ಒಬ್ಬರ ಹಿಂದೆ ಒಬ್ಬರು ಕ್ಯೂ ನಿಂತಿರುತ್ತಾರೆ, ಜೊತೆಗೆ ಬದುಕಿದ್ದವರು ಯಾರೆಂದು ಮಕ್ಕಳಿಗೆ ತಿಳಿಯುವುದೇ ಇಲ್ಲ ಎನ್ನುವುದು ಅವರ ವಾದ.

ಚೀಟಿಗಳನ್ನು ಓದಿದೆ. ಇಂಗ್ಲೆಂಡಿನಲ್ಲಿ ಬೆಳೆ ಕೆಟ್ಟು ಲಂಡನ್ನಿನ ಬೀದಿಯಲ್ಲಿ ಜನ ಹಸಿವಿನಿಂದ ಸತ್ತರು. ಅದೇ ವರ್ಷ ಅಲ್ಲಿಯ ದೊಡ್ಡ ಜಮೀನುದಾರರು ರಾಜನ ಕೈ ಕಟ್ಟಿಹಾಕಿದರು. ವೆನಿಸ್‌ನವರೂ ಜಿನೋವಾದವರೂ ಆಕ್ರೆ ಎಂಬ ಬಂದರಿನ ಎದುರು ಹಡಗುಗಳಲ್ಲಿ ಬಡಿದಾಡಿದರು. ವಿಯೆಟ್ನಾಮಿಗೆ ನುಗ್ಗಿದ ಮಂಗೋಲರಿಗೆ ಖಾಲಿ ರಾಜಧಾನಿ ಸಿಕ್ಕಿತು, ತಿನ್ನಲು ಕಾಳಿಲ್ಲ, ಕೊನೆಗೆ ಪೆಟ್ಟು ತಿಂದು ವಾಪಸಾದರು. ಜಪಾನಿನಲ್ಲಿ ಬಿರುಗಾಳಿ, ಬರಗಾಲ. ಕಾವೇರಿಯ ದಂಡೆಯ ಸೋಮನಾಥಪುರದಲ್ಲಿ ಕೇಶವ ದೇವಾಲಯದ ಪ್ರತಿಷ್ಠೆ. ಹಗ್ಗದ ನಡುವೆ, ನನ್ನ ಮಗಳ ವಕ್ರ ಅಕ್ಷರದಲ್ಲಿ, ಬಾಗ್ದಾದ್: ಫೆಬ್ರವರಿಯಲ್ಲಿ ಮಂಗೋಲರು ಗೋಡೆ ಒಡೆದು ಒಳಗೆ ಬಂದರು, ಖಲೀಫನನ್ನು ಕೊಂದರು, ಪುಸ್ತಕದ ಮನೆಗಳನ್ನು ಹಾಳು ಮಾಡಿದರು, ಹೊಳೆಯ ನೀರು ಶಾಯಿಯಿಂದ ಕಪ್ಪಾಯಿತೆಂದು ಹೇಳುತ್ತಾರೆ.

ಪ್ರತಿ ಚೀಟಿಯ ಕೆಳಗೂ ಒಂದೇ ಪ್ರಶ್ನೆ ಇತ್ತು: ಮರುದಿನ ಬೆಳಿಗ್ಗೆ ಈ ಊರಲ್ಲಿ ನೀರು ಯಾರು ತಂದರು? ಸೋಮನಾಥಪುರದ ಚೀಟಿ ಬರೆದ ಹುಡುಗ ಕಾವೇರಿ ಎಂದು ಬರೆದು ಕೊಡ ಹೊತ್ತ ಹೆಂಗಸಿನ ಚಿತ್ರ ಬಿಡಿಸಿದ್ದ. ನಿಶ್ಮಿತಾಳ ಚೀಟಿಯಲ್ಲಿ ಆ ಜಾಗ ಖಾಲಿ.

“ಅವಳಿಗೆ ಅದು ಯಾವ ಪುಸ್ತಕದಲ್ಲೂ ಸಿಗ್ಲಿಲ್ಲ,” ಎಂದರು ಟೀಚರು. “ಅದಕ್ಕೆ ಮನೇಲಿ ತುಂಬಿಸಿಡ್ತಾಳೆ ಕಾಣ್ತದೆ. ಪೇಪರಲ್ಲಿ ದಿನಾ ಬಾಗ್ದಾದ್ ಬರ್ತದೆ. ಅದೇ ಬಾಗ್ದಾದಾ ಟೀಚರ್ ಅಂತ ಕೇಳಿದ್ಳು. ನಾನೆಂತ ಹೇಳ್ಬೇಕು, ಅಲ್ಲ ಮಗಾ, ಅದು ಬೇರೆ ಅಂತಲಾ? ಹೆದರಿಕೆ ಆಗಿದೆ, ಅವಳಿಗೆ ತಿಳಿದದ್ದು ಅವಳು ಮಾಡ್ತಾಳೆ. ನೀವೆಂತ ಮಾಡಿದ್ರಿ?”

ನಾನು ಅಕ್ಕಿ, ಸಕ್ಕರೆ, ನಿಡೋ ಹಾಲಿನಪುಡಿಯ ಡಬ್ಬಗಳನ್ನು ಬಾತ್‌ರೂಮಿನ ಅಟ್ಟದವರೆಗೆ ತುಂಬಿಸಿಟ್ಟಿದ್ದೆ. ಜೋಡಿಸಿಕೊಂಡು ಬಂದಿದ್ದ ಮಾತು ಅರ್ಧಕ್ಕೇ ನಿಂತು, ಅದಕ್ಕೂ ಸಿಟ್ಟು ಬಂತು. ಕಾಫಿ ಕುಡಿಯಿರಿ ಎಂದರೂ ನಿಲ್ಲದೆ ಬಂದೆ.

ಫೆಬ್ರವರಿಯ ಒಂದು ಗುರುವಾರ, ರಜಾದಿನ, ಶಾಲೆಯ ವಸ್ತುಪ್ರದರ್ಶನ. ಶಿಕ್ಷಣ ಮಿನಿಸ್ಟ್ರಿಯಿಂದ ಖಲ್ಫಾನ್ ಎಂಬ ಒಮಾನಿ ಅಧಿಕಾರಿ ಅತಿಥಿಯಾಗಿ ಬರುವವರಿದ್ದರು. ಅವರು ಬರುವ ಮೊದಲೇ ಶಾಲೆಯ ಆಡಳಿತ ಕಮಿಟಿಯ ಕಾರ್ಯದರ್ಶಿ ಶ್ರೀನಿವಾಸಮೂರ್ತಿ ತರಗತಿ ತರಗತಿ ಸುತ್ತುತ್ತಿದ್ದರು. ಟಿ. ನರಸೀಪುರದ ಕಡೆಯವರು, ನಮ್ಮವರ ಆಫೀಸಿನಲ್ಲಿ ಫೈನಾನ್ಸ್ ಮ್ಯಾನೇಜರು, ಇವರ ಮೇಲಿನವರು. ಹಗ್ಗದ ಮುಂದೆ ನಿಂತು ಸೋಮನಾಥಪುರದ ಚೀಟಿ ಓದಿ ಮುಖ ಅರಳಿಸಿದರು.

“ಭೇಷ್! ನಮ್ಮೂರಿಂದ ಸೈಕಲ್ಲಲ್ಲಿ ಹೋಗ್ತಿದ್ವಿ ಅಲ್ಲಿಗೆ,” ಎಂದು, ಮುಂದಿನ ಚೀಟಿಗೆ ಬಂದವರೇ ತಡವರಿಸಿದರು. “ಇದೇನ್ರೀ ಮೇಡಂ? ಖಲೀಫನ್ನ ಕೊಂದರು, ಬಾಗ್ದಾದ್ ಹಾಳಾಯ್ತು... ಅವರು ಈಗ ಬರ್ತಾರೆ. ನಮ್ಮ ಕಥೆ ಮುಗೀತು! ತೆಗೀರಿ ಇದನ್ನ.”

“ನಿಮ್ಮ ದೇವಸ್ಥಾನ ಇರ್ಲಿ, ಬಾಗ್ದಾದ್ ಬೇಡ ಅಂತಲಾ?” ಎಂದರು ಹಿಲ್ಡಾ ಟೀಚರು. “ಅದೆಂತ ಕೋಳಿ ಪದಾರ್ಥವಾ ಸಾರ್, ಬೇಕಾದ ಪೀಸು ಹೆಕ್ಕಿಕೊಳ್ಳಲಿಕ್ಕೆ? ಎರಡೂ ಒಂದೇ ವರ್ಷದ್ದು.”

“ನಾವು ಬೇರೆಯವರ ದೇಶದಲ್ಲಿ ಅನ್ನ ತಿಂತಿರೋರು, ಅಷ್ಟು ಜ್ಞಾನ ಇರಬೇಕು,” ಎಂದವರೇ ಕೈಯೆತ್ತಿ ಚೀಟಿ ಕಿತ್ತು ಕೋಟಿನ ಜೇಬಿಗೆ ಹಾಕಿಕೊಂಡರು. ನನ್ನ ಮಗಳ ಎದುರಿಗೇ. ಅವಳು ಉದ್ದಲಂಗ ಉಟ್ಟು, ಬರೀ ಕ್ಲಿಪ್ಪಿನ ಕೆಳಗೆ, ಕೈ ಹಿಂದೆ ಕಟ್ಟಿಕೊಂಡು ನಿಂತಳು. ನಾನು ಅವಳ ಪಕ್ಕದಲ್ಲಿದ್ದೆ. ಅವರ ಜೇಬಿಗೇ ಕೈ ಹಾಕಬೇಕೆನಿಸಿತು. ಇವರ ಮುಖ ನೆನಪಾಗಿ ಹಲ್ಲು ಕಚ್ಚಿದೆ.

ಖಲ್ಫಾನ್ ಬಂದರು. ಬಿಳಿ ನಿಲುವಂಗಿ, ತಲೆಗೆ ಬಣ್ಣದ ಮುಂಡಾಸು, ಅವಸರವಿಲ್ಲದ ಮನುಷ್ಯ. ಕಮಿಟಿಯವರೆಲ್ಲ ಬಾಗಿಲ ಬಳಿ ಸಾಲಾಗಿ, ಗೌರವದ ದೂರದಲ್ಲಿ. ಒಂದೊಂದೇ ಚೀಟಿ ಓದುತ್ತ ಬಂದು, ಬರೀ ಕ್ಲಿಪ್ಪಿನ ಮುಂದೆ ನಿಂತು, ಬೆರಳು ತೋರಿಸಿ ಇಂಗ್ಲಿಷಿನಲ್ಲಿ ಕೇಳಿದರು: “ಇಲ್ಲಿದ್ದದ್ದು ಎಲ್ಲಿ ಹೋಯಿತು, ಮಗಳೇ?”

ನಿಶ್ಮಿತಾ ಬಾಯಿಪಾಠ ಒಪ್ಪಿಸಿದಳು. ಗೋಡೆ, ಖಲೀಫ, ಪುಸ್ತಕ, ಶಾಯಿ, ಒಂದನ್ನೂ ಬಿಡಲಿಲ್ಲ. ಅವರು ತಲೆಯಾಡಿಸುತ್ತ ಕೇಳಿ, “ಹೌದು. ನಮ್ಮ ಲೆಕ್ಕದಲ್ಲಿ ಅದು ಆರುನೂರ ಐವತ್ತಾರನೇ ವರ್ಷ. ನಮ್ಮ ಶಾಲೆಯಲ್ಲೂ ಕಲಿಸಿದ್ದರು, ನಾನು ಆಗ ಅತ್ತಿದ್ದೆ,” ಎಂದರು. ಆಮೇಲೆ ಹಗ್ಗದ ಉದ್ದಕ್ಕೆ ಬೆರಳು ಆಡಿಸುತ್ತ ಹಿಲ್ಡಾ ಟೀಚರ ಕಡೆ ತಿರುಗಿದರು. “ಇಡೀ ಲೋಕವೇ ಇದೆ. ಒಮಾನ್ ಎಲ್ಲಿ?”

ಟೀಚರು ಸೂರಿನ ಅರಬಿಯಲ್ಲಿ ಏನೋ ಹೇಳಿದರು. ಖಲ್ಫಾನ್ ಗಟ್ಟಿಯಾಗಿ ನಕ್ಕರು. ಏನು ಹೇಳಿದಿರಿ ಎಂದು ನಾನು ಆಮೇಲೆ ಟೀಚರನ್ನು ಕೇಳಿದೆ. ‘ಸೂರಿನ ಪಕ್ಕದ ಕಲ್ಹಾತ್ ಆಗ ದೊಡ್ಡ ಬಂದರು, ಅಲ್ಲಿಂದ ನಮ್ಮ ಕರಾವಳಿಗೆ ಕುದುರೆ ಬರುತ್ತಿದ್ದ ಕಾಲ, ಆದರೆ ಸರಿಯಾಗಿ ಆ ವರ್ಷದ ಸುದ್ದಿ ನನಗೆ ಸಿಗಲಿಲ್ಲ, ನಿಮ್ಮಲ್ಲಿದ್ದರೆ ಕೊಡಿ’ ಎಂದಿದ್ದರಂತೆ.

ಇಷ್ಟು ನಡೆದದ್ದು. ಆದರೆ ಬಾಗಿಲ ಬಳಿ ನಿಂತವರು ಕಂಡದ್ದು ಒಂದು ಬೆರಳು ಮಾತ್ರ. ಬರೀ ಕ್ಲಿಪ್ಪಿನ ಕಡೆ ಚಾಚಿದ ಬೆರಳು.

ಮರುವಾರ ಕಮಿಟಿ ಸೇರಿತು. ಅತಿಥಿಗೆ ಕೋಪ ಬಂದಿದೆ, ಯುದ್ಧದ ಸಮಯದಲ್ಲಿ ಬೇಕೆಂದೇ ಬಾಗ್ದಾದಿನ ನಾಶವನ್ನು ಪ್ರದರ್ಶಿಸಿದ್ದಾರೆ, ಶಾಲೆಯ ಲೈಸನ್ಸಿಗೇ ಸಂಚಕಾರ ಎಂದು ತೀರ್ಮಾನವಾಯಿತು. ಹಿಲ್ಡಾ ಟೀಚರು ತಪ್ಪಾಯಿತು ಎಂದು ಬರೆದುಕೊಟ್ಟರೆ ಸರಿ, ಇಲ್ಲದಿದ್ದರೆ ಮಾರ್ಚಿಗೆ ಖಲಾಸ್, ವೀಸಾ ರದ್ದು.

ಸುದ್ದಿ ಕೇಳಿ ನಾನು ಅವರ ಕೋಣೆಗೆ ಹೋದೆ. ಹಾಸಿಗೆಯ ಮೇಲೆ ಸೂಟ್‌ಕೇಸು ತೆರೆದಿತ್ತು. ಒಳಗೆ ಒಂದು ಸೀರೆಯೂ ಇರಲಿಲ್ಲ.

“ಬರ್ದುಕೊಟ್ಟುಬಿಡಿ ಟೀಚರೇ, ಎರಡು ಸಾಲು ಅಲ್ವಾ,” ಎಂದೆ. “ಅಲೋಶಿಯಸ್‌ರನ್ನು ನೋಡಿಯಾದ್ರೂ.”

“ಬೇಕೂಂತ ಮಾಡಿದೆ ಅಂತ ಬರೀಬೇಕಂತೆ. ಬಸ್ಸಿನ ನಂಬರಿಗೆ ನಾನು ತಪ್ಪಾಯ್ತು ಹೇಳುದಾ?” ಅವರು ಸೂಟ್‌ಕೇಸಿನ ಮುಚ್ಚಳ ಬಡಿದು ಹಾಕಿದರು. “ಮಕ್ಕಳು ಕೇಳಿದ್ರೆ ಎಂತ ಹೇಳ್ಲಿ? ಆ ವರ್ಷ ಬಾಗ್ದಾದಲ್ಲಿ ಏನೂ ಆಗ್ಲಿಲ್ಲ ಅಂತಲಾ? ಅಲೋಶಿಯಸ್ ಇದ್ದಿದ್ರೆ ಅದಕ್ಕೇ ಬೈತಿದ್ರು. ಆದ್ರೆ ಊರಿಗೆ ಹೋಗಿ ಅತ್ತಿಗೆಯ ಅಡುಗೆಮನೆಯಲ್ಲಿ ಕಾಯಿ ತುರಿಯುವ ಹಣೆಬರಹ ನೆನೆಸಿದ್ರೆ... ಇಲ್ಲಿ ಇವರೊಬ್ರೇ ಆಗ್ತಾರಲ್ಲ ಉಮಾವತಿ.”

ನನಗೆ ಈಕೆಯ ಮೇಲೂ ಸಿಟ್ಟು, ಕಮಿಟಿಯ ಮೇಲೂ ಸಿಟ್ಟು. ಅಲ್ಲಿಂದ ನೇರ ಶ್ರೀನಿವಾಸಮೂರ್ತಿಯವರ ಮನೆಗೆ ಹೋದೆ. ಇವರಿಗೆ ಹೇಳದೆ.

“ಸಾರ್, ನಾನು ಪಕ್ಕದಲ್ಲೇ ನಿಂತಿದ್ದೆ. ಅವರು ನಕ್ಕರು. ಒಮಾನ್ ಎಲ್ಲಿ ಅಂತ ಕೇಳಿದ್ರು, ಅಷ್ಟೇ.”

“ಅದೇ ಹೇಳಿದ್ದು ನಾನೂ! ‘ಒಮಾನ್ ಎಲ್ಲಿ’ ಅಂದ್ರೆ ಏನಮ್ಮ ಅರ್ಥ? ನಮ್ಮನ್ನ ಬಿಟ್ಟಿದ್ದೀರಿ ಅಂತ ತಾನೇ? ಎರಡು ಸಲ ಕೋಪ ಬಂದಿದೆ ಅವರಿಗೆ.”

“ನಕ್ಕರು ಸಾರ್!”

“ದೊಡ್ಡವರು ಕೋಪ ಬಂದಾಗಲೇ ನಗೋದು. ನೀವಿನ್ನೂ ಚಿಕ್ಕವರು.” ಕಾಫಿ ಲೋಟ ನನ್ನ ಕಡೆ ಸರಿಸಿದರು. “ಹ್ಞಾ, ಬೋಜ ಅವರ ಪ್ರಮೋಷನ್ ವಿಷಯ ಇದೆಯಲ್ಲ, ಮುಂದಿನ ತಿಂಗಳು ನೋಡೋಣ. ಒಳ್ಳೆ ಹುಡುಗ. ಯಾರ ತಂಟೆಗೂ ಹೋಗಲ್ಲ.”

ಕಾಫಿ ಮುಟ್ಟದೆ ಎದ್ದುಬಂದೆ. ಇಷ್ಟು ಮರ್ಯಾದೆಯಿಂದ ಕತ್ತು ಹಿಡಿಯುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಮನೆಗೆ ಬಂದು ಇವರಿಗೆ ಹೇಳಿದರೆ ಇವರು ಬಿಳುಚಿಕೊಂಡರು. “ಅವರ ಮನೆಗೆ ಹೋದದ್ದಾ? ನಿನ್ಗೆ ಯಾರು ಹೇಳಿದ್ದು ವಕಾಲತ್ತು ಮಾಡ್ಲಿಕ್ಕೆ? ನಿಶ್ಶುವಿನ ಟೀಚರ್ ಹೋದ್ರೆ ಇನ್ನೊಬ್ರು ಬರ್ತಾರೆ. ನನ್ನ ಕೆಲಸ ಹೋದ್ರೆ?”

“ನಿಮ್ಮ ಮಗಳ ಚೀಟಿ ಅವರ ಜೇಬಲ್ಲಿ ಉಂಟು. ಗೊತ್ತುಂಟಾ ನಿಮ್ಗೆ?”

“ಚೀಟಿ!” ಎಂದು ಅವರು ಟೀವಿ ದೊಡ್ಡದು ಮಾಡಿದರು.

ಮರುದಿನ ಬೆಳಿಗ್ಗೆ ಎದುರುಮನೆಯ ನಫೀಸತ್ ಕೊತ್ತಂಬರಿ ಸೊಪ್ಪು ಕೇಳಿಕೊಂಡು ಬಂದಳು. ಉಳ್ಳಾಲದ ಬ್ಯಾರಿ ಹೆಣ್ಣು, ಗಂಡನಿಗೆ ರೂವಿಯಲ್ಲಿ ಅಂಗಡಿ. ಬಾಗಿಲಲ್ಲೇ ನಿಂತು ನಾನು ಎಲ್ಲವನ್ನೂ ಕಾರಿಬಿಟ್ಟೆ.

“ಅಲ್ಲ, ಖಲೀಫನ ಕಥೆ ಹೇಳಿದ್ರೆ ಬೇಸರ ಆಗ್ಬೇಕಾದ್ದು ನನ್ಗೆ ಅಲ್ವಾ?” ಎಂದಳು ಅವಳು. “ನನ್ನ ಮಗಳೂ ಅದೇ ಕ್ಲಾಸು. ಮನೇಲಿ ನಮ್ಗೆಲ್ಲ ಕೂರಿಸಿ ಹೇಳಿದ್ಳು, ನಮ್ಮ ಮಾವ ಕಣ್ಣು ಒರೆಸಿಕೊಂಡ್ರು. ನನ್ನ ಹತ್ರ ಯಾವ ಕಮಿಟಿ ಬಂದು ಕೇಳಿದೆ? ನಮ್ಮವರಿಗೆ ಅರಬಿಗಳ ಕೋಪ ಅರಬಿಗಳಿಗಿಂತ ಮೊದ್ಲೇ ಗೊತ್ತಾಗ್ತದೆ ನೋಡು.”

“ಈಗೆಂತ ಮಾಡುದು ಹೇಳು.”

“ಕೋಪ ಬಂತಾ ಇಲ್ವಾ ಅಂತ ಆ ಮನುಷ್ಯನನ್ನೇ ಕೇಳು. ಅವರಿಗೆ ಬಾಯಿ ಇಲ್ವಾ? ನಿನ್ಗೆ ಇಲ್ವಾ?”

“ಮಿನಿಸ್ಟ್ರಿಗೆ? ನಾನಾ? ಒಂದು ವೇಳೆ ನಿಜವಾಗ್ಲೂ ಕೋಪ ಬಂದಿದ್ರೆ? ಇವರ ಕೆಲಸ...”

“ಹಾಗಾದ್ರೆ ನೀನೂ ಆ ಕಮಿಟಿಗೇ ಸೇರು,” ಎಂದು ಅವಳು ಸೊಪ್ಪು ತೆಗೆದುಕೊಂಡು ಹೋದಳು.

ಬಾಗಿಲು ಹಾಕಿಕೊಂಡು ಪಾತ್ರೆ ತೊಳೆಯಲು ಹೋದೆ. ಒಂದು ಗಾಜಿನ ಲೋಟ ಸಿಂಕಿಗೆ ಬಡಿದು ಒಡೆಯಿತು. ಕಮಿಟಿಯಲ್ಲಿ ಹದಿನೈದು ಜನ ಗಂಡಸರು, ಟೈ ಕಟ್ಟಿದವರು, ಡಿಗ್ರಿ ಇದ್ದವರು, ಒಬ್ಬರಿಗೂ ಒಂದು ಫೋನು ಮಾಡಿ ಕೇಳಲು ಆಗಲಿಲ್ಲ. ಕೇಳಿದರೆ ಕೋಪ ಇಲ್ಲವೆಂದು ತಿಳಿದುಬಿಡುತ್ತದಲ್ಲ, ಆಮೇಲೆ ಹೆದರಲು ಏನು ಉಳಿಯುತ್ತದೆ? ಅವರ ಹೆದರಿಕೆಗೆ ಒಬ್ಬ ಹೆಂಗಸು ಊರು ಬಿಡಬೇಕು. ಮತ್ತೆ ನಾನು? ನಾನೂ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಲ್ಲಿ ನಿಂತಿದ್ದೇನೆ, ಅವರಲ್ಲಿರುವಷ್ಟೇ ಹೆದರಿಕೆ ನನ್ನಲ್ಲೂ ಇದೆ.

ಡೈರೆಕ್ಟರಿ ತೆಗೆದೆ. ಮೊದಲ ಸಲ ತಪ್ಪು ನಂಬರು, ಯಾವುದೋ ಗ್ಯಾರೇಜು. ಎರಡನೇ ಸಲ ಮಿನಿಸ್ಟ್ರಿ. ಆಪರೇಟರು ಅರಬಿಯಲ್ಲಿ ಏನೋ ಕೇಳಿದ, ನಾನು ಇಂಗ್ಲಿಷಿನಲ್ಲಿ ಖಲ್ಫಾನ್, ಖಲ್ಫಾನ್ ಎಂದೆ. ಕಾಯಿಸಿದ. ಇನ್ನೊಬ್ಬನಿಗೆ ಕೊಟ್ಟ. ಅವನೂ ಕಾಯಿಸಿದ. ಇಟ್ಟುಬಿಡೋಣ ಎಂದುಕೊಳ್ಳುವಷ್ಟರಲ್ಲಿ ಆ ಅವಸರವಿಲ್ಲದ ಧ್ವನಿ ಬಂತು.

ನನ್ನ ಹೆಸರು, ಶಾಲೆ, ಮಗಳು, ಹಗ್ಗ, ಬಸ್ಸಿನ ನಂಬರು, ಎಲ್ಲವನ್ನೂ ಉಸಿರು ಬಿಡದೆ ಹೇಳಿದೆ. ಟೀಚರ ಹೆಸರನ್ನೂ ಹೇಳಿದೆ. ಮಾರ್ಚಿಗೆ ಅವರನ್ನು ಕಳಿಸುತ್ತಿದ್ದಾರೆ, ನಿಮಗೆ ಕೋಪ ಬಂದಿದೆಯಂತೆ ಎಂದೆ.

“ಕೋಪ?” ಎಂದರು ಅವರು. “ಯಾರಿಗೆ, ನನಗಾ? ನನಗೆ ಯಾವ ಕೋಪವೂ ಬಂದಿಲ್ಲ. ಹಾಗೆಂದು ಯಾರು ಹೇಳಿದ್ದು?”

“ಸರ್, ಪೆನ್ನು ತೆಗೆದುಕೊಳ್ಳಿ,” ಎಂದೆ. ನನ್ನ ಧ್ವನಿ ನನಗೇ ಜೋರೆನಿಸಿತು. “ಕಮಿಟಿಯ ಕಾರ್ಯದರ್ಶಿಯ ಮನೆಯ ನಂಬರು ಕೊಡುತ್ತೇನೆ. ಈಗ ನನಗೆ ಹೇಳಿದಿರಲ್ಲ, ಅದನ್ನೇ ಅವರಿಗೂ ಹೇಳಿ. ಇವತ್ತೇ ಹೇಳಬೇಕು.”